ಕಿಲ್ನಿನಾಚೆಯ ರಸಾಯನ

ನೋಟು ಅಸಲಿಯೋ ನಕಲಿಯೋ ನೋಡಲು ಅಂಗಡಿಯವರು ಗಲ್ಲಾಪೆಟ್ಟಿಗೆಯಲ್ಲಿ ಇಟ್ಟುಕೊಳ್ಳುವ ನೇರಳೆ ಬೆಳಕಿನ ಟಾರ್ಚು ಗೊತ್ತಲ್ಲ? ಒಂದು ರಾತ್ರಿ ಅದನ್ನು ಹಿಡಿದು, ಕಾಲಿಗೆ ಬೂಟು ಹಾಕಿಕೊಂಡು, ಮನೆಯ ದೊಡ್ಡವರೊಬ್ಬರನ್ನು ಜೊತೆಗೆ ಕರೆದುಕೊಂಡು ಹಿತ್ತಲಲ್ಲಿ ಪೇರಿಸಿಟ್ಟ ಶಹಾಬಾದ ಪರ್ಸಿಗಳ ಹತ್ತಿರ ಹೋಗಿ. ಸಂದಿಗಳ ಮೇಲೆ ಬೆಳಕು ಆಡಿಸಿ. ಹಗಲೆಲ್ಲ ಕಲ್ಲಿನ ಬಣ್ಣದಲ್ಲೇ ಕರಗಿಹೋಗಿದ್ದ ಚೇಳು ಹಸಿರುನೀಲಿಯಾಗಿ ಥಳಥಳಿಸುತ್ತದೆ. ಕೈ ಮಾತ್ರ ಹಾಕಬೇಡಿ. ನಮ್ಮ ಕಲಬುರಗಿ ಜಿಲ್ಲೆಯ ಪಕ್ಕದ ಯಾದಗಿರಿ ಜಿಲ್ಲೆಯ ಕಂದಕೂರಿನ ಗುಡ್ಡದಲ್ಲಿ ನಾಗರಪಂಚಮಿ ದಿನ ಜನ ಚೇಳನ್ನು ಅಂಗೈಮೇಲೆ, ಕೆನ್ನೆಯ ಮೇಲೆ ಬಿಟ್ಟುಕೊಳ್ಳುತ್ತಾರೆ. ಅದು ಅವರ ಧೈರ್ಯ, ಅವರ ನಂಬಿಕೆ. ಆ ಜಾತ್ರೆ ನಡೆಯುವುದು ಹಗಲಿನಲ್ಲಿ. ಹಾಗಾಗಿ ಅಷ್ಟು ಹತ್ತಿರದಿಂದ ಚೇಳು ನೋಡಿದವರಿಗೂ ಅದರ ಈ ಹೊಳಪು ಕಂಡಿರಲಿಕ್ಕಿಲ್ಲ.

ಈ ಹೊಳಪು ಎಲ್ಲಿಂದ ಬರುತ್ತದೆ? 1999ರಲ್ಲಿ ಅಮೆರಿಕದ ಮೂವರು ಸಂಶೋಧಕರು, ಸ್ಟ್ಯಾಚೆಲ್, ಸ್ಟಾಕ್‌ವೆಲ್ ಮತ್ತು ವಾನ್ ವ್ರ್ಯಾಂಕನ್, ಚೇಳಿನ ಹೊರಚಿಪ್ಪಿನಿಂದ ಹೊಳೆಯುವ ಒಂದು ಅಣುವನ್ನು ಬೇರ್ಪಡಿಸಿ ಗುರುತು ಹಿಡಿದರು. ಅದರ ಹೆಸರು ಬೀಟಾ-ಕಾರ್ಬೊಲಿನ್. ಮುಪ್ಪಿನಲ್ಲಿ ಕಣ್ಣಿಗೆ ಪೊರೆ ಬರುವ ರಸಾಯನಕ್ಕೂ ಈ ಹೊಳಪಿಗೂ ಇರಬಹುದಾದ ನಂಟನ್ನು ಅವರ ಲೇಖನ ಚರ್ಚಿಸಿತ್ತು. ಅಂದರೆ ನಿಮ್ಮ ಹಿತ್ತಲ ಕಲ್ಲಿನ ಕೆಳಗಿನ ಚೇಳು, ಅಜ್ಜನ ಮಸುಕಾದ ಕಣ್ಣು, ಇನ್ನು ಮುಂದೆ ಹೇಳಲಿರುವ ಕೆಲವು ಔಷಧಿಗಳು ಒಂದೇ ಬಳಗದ ಅಣುಗಳ ಕಥೆಗೆ ಸೇರಿದವು. ಇದನ್ನು ನಮ್ಮ ಕಾಲೇಜುಗಳಲ್ಲಿ ಯಾರಾದರೂ ಹೇಳಿದ್ದಾರೆಯೇ? ಹೇಳಿದ್ದರೆ ಆ ಮೇಷ್ಟ್ರಿಗೆ ಶರಣು.

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿ. ಈ ಕಡೆ ಬಿಎಸ್ಸಿಗೆ ಕೆಮಿಸ್ಟ್ರಿ ತೆಗೆದುಕೊಂಡವರನ್ನು ನೆಂಟರು ಕೇಳುವ ಪ್ರಶ್ನೆ ಒಂದೇ: "ಮುಗಿದ ಮ್ಯಾಲ ಫ್ಯಾಕ್ಟರಿಯೊಳಗ ತಗೋತಾರೇನು?" ಅದರಲ್ಲಿ ತಪ್ಪಿಲ್ಲ. ಮಳಖೇಡ ರೋಡ್ ಸ್ಟೇಷನ್ನಿನ ಬದಿಗೆ ಸಿಮೆಂಟಿನ ಜೊತೆಗೇ ಹುಟ್ಟಿ ಬೆಳೆದ ಕಾಲೊನಿ ಆದಿತ್ಯನಗರ. ವಾಡಿಯಲ್ಲಿ ಎಸಿಸಿ, ಸೇಡಂನಲ್ಲಿ ವಾಸವದತ್ತಾ, ಇತ್ತ ರಾಜಶ್ರೀ, ಎಲ್ಲವೂ ಸಿಮೆಂಟ್ ಕಾರ್ಖಾನೆಗಳೇ. ಶಿಫ್ಟ್ ಕೆಮಿಸ್ಟ್ ಆದ ಅಣ್ಣನ ಸಂಬಳದಲ್ಲಿ ತಂಗಿಯರ ಮದುವೆಯಾಗಿವೆ, ಮನೆಗಳೆದ್ದಿವೆ. ಆ ಕೆಲಸಕ್ಕೆ ಗೌರವ ಕೊಟ್ಟೇ ನಾನು ಮಾತಾಡುತ್ತೇನೆ. ಆದರೆ ತಮ್ಮಂದಿರೇ, ತಂಗಿಯರೇ, ಆ ಲ್ಯಾಬಿನಲ್ಲಿ ಏನು ನಡೆಯುತ್ತದೆ? ಗಂಟೆಗೊಮ್ಮೆ ಸ್ಯಾಂಪಲ್ ಬರುತ್ತದೆ. ಫ್ರೀ ಲೈಮ್ (ಸೇರದೆ ಉಳಿದ ಸುಣ್ಣ) ಎಷ್ಟು, ಬ್ಲೇನ್ (ಪುಡಿಯ ನುಣುಪು) ಎಷ್ಟು, ಎಕ್ಸ್‌ಆರ್‌ಎಫ್ ಯಂತ್ರ ಏನು ಹೇಳಿತು ಎಂದು ಬರೆದು ಕಂಟ್ರೋಲ್ ರೂಮಿಗೆ ತಿಳಿಸುತ್ತಾರೆ. ಬೇರೆಯವರು ಮಾಡಿದ್ದನ್ನು ಅಳೆಯುವ ರಸಾಯನ ಅದು. ಹೊಸದಾಗಿ ಒಂದು ಅಣುವನ್ನು ಕಟ್ಟುವ ರಸಾಯನ ಇನ್ನೊಂದಿದೆ. ಅದು ನಮ್ಮ ಮಕ್ಕಳ ಕಣ್ಣಿಗೇ ಬೀಳುತ್ತಿಲ್ಲ ಎಂಬುದೇ ನನ್ನ ಸಂಕಟ.

ನಮಗೆ ಗೊತ್ತಿರುವ ದಾರಿ ಬೆಂಕಿಯದು. ಸುಣ್ಣಕಲ್ಲು ಸುಮಾರು 900 ಡಿಗ್ರಿಯಲ್ಲಿ ಒಡೆಯುತ್ತದೆ. ಶುದ್ಧ ಕ್ಯಾಲ್ಸಿಯಂ ಕಾರ್ಬೊನೇಟ್ 100 ಕಿಲೋ ಹಾಕಿದರೆ 56 ಕಿಲೋ ಸುಣ್ಣ ಉಳಿದು 44 ಕಿಲೋ ಇಂಗಾಲದ ಡೈಆಕ್ಸೈಡ್ ಚಿಮಣಿಯಿಂದ ಹಾರಿಹೋಗುತ್ತದೆ. ಮುಂದೆ ಕಿಲ್ನಿನಲ್ಲಿ, ಅಂದರೆ ಸಿಮೆಂಟಿನ ಕುಲುಮೆಯಲ್ಲಿ, 1450 ಡಿಗ್ರಿಯ ಸುತ್ತ ಕ್ಲಿಂಕರ್ ಆಗುತ್ತದೆ. ಇದು ಬಲದ ಮೇಲೆ ನಡೆಯುವ ಕೆಲಸ. ಈಗ ಅದೇ ಕಾಲೊನಿಯ ಕಾಂಪೌಂಡಿನ ಪಕ್ಕ, ಎಲೆಗಳ ಮೇಲೆ ಸಿಮೆಂಟಿನ ಧೂಳು ಹೊತ್ತು ನಿಂತಿರುವ ನಿತ್ಯಪುಷ್ಪದ ಗಿಡ ನೋಡಿ. ಸದಾಪುಷ್ಪ ಅನ್ನಿ, ಕಾಶಿ ಕಣಗಿಲೆ ಅನ್ನಿ, ನೀರು ಹಾಕುವವರಿಲ್ಲದಿದ್ದರೂ ಹೂ ಬಿಡುವ ಗಿಡ ಅದು. ಸೇಡಂ ಬಿಸಿಲಿಗಿಂತ ಹೆಚ್ಚಿನ ಕಾವೇನೂ ಅದಕ್ಕೆ ಬೇಕಿಲ್ಲ. ತನ್ನ ಜೀವಕೋಶದ ನೀರಿನಲ್ಲೇ ಟ್ರಿಪ್ಟಮಿನ್ ಎಂಬ ಅಣುವನ್ನು ಸೆಕೊಲೊಗನಿನ್ ಎಂಬ ಇನ್ನೊಂದು ಅಣುವಿನ ಜೊತೆ ಕೂಡಿಸಿ ಸ್ಟ್ರಿಕ್ಟೋಸಿಡಿನ್ ಎಂಬ ಬೀಟಾ-ಕಾರ್ಬೊಲಿನ್ ಕಟ್ಟುತ್ತದೆ. ಆ ಒಂದು ಅಣುವಿನಿಂದ ಸಸ್ಯಲೋಕ ಎರಡು ಸಾವಿರಕ್ಕೂ ಹೆಚ್ಚು ಆಲ್ಕಲಾಯ್ಡ್‌ಗಳನ್ನು ಹೆಣೆದಿದೆ: ಮಲೇರಿಯಾದ ಕ್ವಿನೈನ್, ಮಕ್ಕಳ ರಕ್ತ ಕ್ಯಾನ್ಸರಿಗೆ ಕೊಡುವ ವಿನ್‌ಕ್ರಿಸ್ಟೀನ್, ಪಶ್ಚಿಮಘಟ್ಟದ ದುರ್ವಾಸನೆ ಮರದಲ್ಲಿ ಸಿಗುವ ಕ್ಯಾಂಪ್ಟೊಥೆಸಿನ್, ವಿಷಮುಷ್ಟಿಯ ಸ್ಟ್ರಿಕ್‌ನೈನ್ ಎಲ್ಲವೂ ಆ ಮನೆತನದವೇ.

1450 ಡಿಗ್ರಿ ಇಲ್ಲದೆ ಗಿಡ ಇದನ್ನು ಹೇಗೆ ಮಾಡುತ್ತದೆ ಎಂದರೆ, ವೇಗವರ್ಧಕದಿಂದ. ಸ್ಟ್ರಿಕ್ಟೋಸಿಡಿನ್ ಸಿಂಥೇಸ್ ಎಂಬ ಕಿಣ್ವ ಎರಡು ಅಣುಗಳನ್ನು ಸರಿಯಾದ ಭಂಗಿಯಲ್ಲಿ ಹಿಡಿದು ಕೂರಿಸುತ್ತದೆ, ಬಂಧ ಬಿದ್ದೊಡನೆ ಬಿಟ್ಟುಕೊಡುತ್ತದೆ, ಮುಂದಿನ ಜೋಡಿಗೆ ಕೈ ಚಾಚುತ್ತದೆ. ತಾನು ಮಾತ್ರ ಖರ್ಚಾಗುವುದಿಲ್ಲ. ನೀವು ಕಲಿಯಬೇಕೆಂದು ನಾನು ಕೂಗಿ ಹೇಳುತ್ತಿರುವ ವಿದ್ಯೆ ಇದೇ.

ಸ್ವಲ್ಪ ರಚನೆ ತಿಳಿದುಕೊಳ್ಳೋಣ, ಹೆದರಬೇಡಿ. ಬೀಟಾ-ಕಾರ್ಬೊಲಿನ್ ಅಂದರೆ ಒಂದಕ್ಕೊಂದು ಅಂಟಿದ ಮೂರು ಉಂಗುರ. ಮೊದಲೆರಡು ಸೇರಿದರೆ ಇಂಡೋಲ್. ಮೂರನೆಯದು ಸಾರಜನಕವಿರುವ ಪಿರಿಡಿನ್. ಇಂಡೋಲ್ ಎಲ್ಲಿಂದ ಬಂತು? ನಮ್ಮ ಊಟದ ಪ್ರೋಟೀನಿನಲ್ಲಿರುವ ಟ್ರಿಪ್ಟೊಫ್ಯಾನ್ ಎಂಬ ಅಮೈನೊ ಆಮ್ಲದಿಂದ. ಹುರಿದ ಕಾಫಿಯಲ್ಲೂ ಈ ಬಳಗದ ಹಾರ್ಮನ್, ನಾರ್‌ಹಾರ್ಮನ್ ಚೂರುಪಾರು ಇರುತ್ತವೆ. ಕಲಬುರಗಿಯ ಯುನಾನಿ ಔಷಧಿ ಅಂಗಡಿಯಲ್ಲಿ ಇಸ್ಬಂದ್ ಕೇಳಿ ನೋಡಿ. ದೃಷ್ಟಿ ತೆಗೆಯಲು ಕೆಂಡದ ಮೇಲೆ ಹಾಕಿ ಹೊಗೆ ಹಾಕುವ ಕಂದು ಬೀಜ. ಹರ್ಮಲ್ ಅಂತಲೂ ಕರೆಯುತ್ತಾರೆ. 1841ರಲ್ಲಿ ಆ ಬೀಜದಿಂದ ಹಾರ್ಮಲಿನ್ ಬೇರ್ಪಟ್ಟಿತು, ಆ ದಶಕದಲ್ಲೇ ಹಾರ್ಮಿನ್ ಕೂಡ. ಬೀಜವನ್ನು ತಿನ್ನುವ ಉಪದ್ವ್ಯಾಪ ಮಾತ್ರ ಬೇಡ: ಈ ಅಣುಗಳು ಮೆದುಳಿನ ಒಂದು ಮುಖ್ಯ ಕಿಣ್ವವನ್ನು ತಡೆಹಿಡಿಯುತ್ತವೆ, ಬೇರೆ ಮಾತ್ರೆಗಳ ಜೊತೆ ಸೇರಿದರೆ ಜೀವಕ್ಕೇ ಸಂಚಕಾರ.

ಆದರೆ ನಮ್ಮ ಎದೆಗೆ ನಾಟಬೇಕಾದ ಕಥೆ ಸರ್ಪಗಂಧಿಯದು. ಶತಮಾನಗಳಿಂದ ನಮ್ಮ ವೈದ್ಯರು ಹುಚ್ಚಿಗೂ ನಿದ್ದೆಗೇಡಿಗೂ ಕೊಡುತ್ತಿದ್ದ ಬೇರು. ಹಕೀಮ್ ಅಜ್ಮಲ್ ಖಾನರ ಪ್ರೇರಣೆಯಿಂದ ದೆಹಲಿಯ ತಿಬ್ಬಿಯಾ ಕಾಲೇಜಿನಲ್ಲಿ ಕೆಲಸಕ್ಕೆ ಕುಳಿತ ಸಲೀಮುಜ್ಜಮಾನ್ ಸಿದ್ದೀಕಿ 1931ರಲ್ಲಿ ಆ ಬೇರಿನಿಂದ ಹಲವು ಆಲ್ಕಲಾಯ್ಡ್‌ಗಳನ್ನು ಹೊರತೆಗೆದರು. ಒಂದು ಗುಂಪಿಗೆ ಹಕೀಮರ ನೆನಪಿನಲ್ಲಿ ಅಜ್ಮಲಿನ್ ಎಂದು ಹೆಸರಿಟ್ಟರು, ಇನ್ನೊಂದಕ್ಕೆ ಸರ್ಪೆಂಟಿನ್. ಅದೇ ವರ್ಷ ಗಣನಾಥ ಸೇನ್ ಮತ್ತು ಕಾರ್ತಿಕಚಂದ್ರ ಬೋಸ್ ಇದೇ ಬೇರು ರಕ್ತದೊತ್ತಡವನ್ನು ಇಳಿಸುತ್ತದೆ ಎಂದು ಬರೆದರು. 1949ರಲ್ಲಿ ಮುಂಬೈಯ ಹೃದ್ರೋಗತಜ್ಞ ರುಸ್ತುಂ ಜಾಲ್ ವಕೀಲ್ ಬ್ರಿಟಿಷ್ ಹಾರ್ಟ್ ಜರ್ನಲ್‌ನಲ್ಲಿ ಪ್ರಕಟಿಸಿದ ಮೇಲೆ ಜಗತ್ತು ಕಣ್ಣು ಬಿಟ್ಟಿತು. ಆಮೇಲೆ? 1952ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ, ಸೀಬಾ ಕಂಪನಿಯ ಲ್ಯಾಬಿನಲ್ಲಿ ರಿಸರ್ಪಿನ್ ಬೇರ್ಪಟ್ಟಿತು. ರಕ್ತದೊತ್ತಡದ ಔಷಧಿಗಳಲ್ಲಿ ಅದು ಒಂದು ಯುಗವನ್ನೇ ತೆರೆಯಿತು. 1956ರಲ್ಲಿ ಹಾರ್ವರ್ಡಿನ ವುಡ್‌ವರ್ಡ್ ಅದನ್ನು ಮೊದಲಿಂದ ಕಡೆಯವರೆಗೆ ಪ್ರಯೋಗಶಾಲೆಯಲ್ಲೇ ಕಟ್ಟಿ ತೋರಿಸಿದರು. ರಿಸರ್ಪಿನ್‌ನ ನಡುವೆ ಕುಳಿತಿರುವುದು ಒಂದು ಬೀಟಾ-ಕಾರ್ಬೊಲಿನ್ ಹಂದರ.

ಬೇರು ನಮ್ಮದು, ಅನುಭವ ನಮ್ಮದು, ಮೊದಲ ರೋಗಿಗಳು ನಮ್ಮವರು. ಮಾತ್ರೆ ಬಾಸೆಲ್‌ನದು. ಇದಕ್ಕೆ ಯಾರನ್ನೋ ಬೈಯುತ್ತ ಕೂರುವುದು ಸುಲಭ, ನನಗದು ಇಷ್ಟವಿಲ್ಲ. ಅವರ ಹತ್ತಿರ ಸಂಶ್ಲೇಷಣೆ ಬಲ್ಲ ಕೈಗಳು ನೂರಾರು ಇದ್ದವು, ನಮ್ಮಲ್ಲಿ ಬೆರಳೆಣಿಕೆಯಷ್ಟು. ಇದ್ದವರಲ್ಲಿ ಒಬ್ಬರನ್ನು ಹೆಣ್ಣುಮಕ್ಕಳು ವಿಶೇಷವಾಗಿ ನೆನಪಿಟ್ಟುಕೊಳ್ಳಿ. ಅಸೀಮಾ ಚಟರ್ಜಿ, 1917ರಲ್ಲಿ ಹುಟ್ಟಿದವರು, 1944ರಲ್ಲಿ ಭಾರತದ ವಿಶ್ವವಿದ್ಯಾಲಯವೊಂದರಿಂದ ಡಿಎಸ್ಸಿ ಪಡೆದ ಮೊದಲ ಮಹಿಳೆ. ಕೋಲ್ಕತ್ತದಲ್ಲಿ ಕುಳಿತು ಸರ್ಪಗಂಧಿಯ, ನಿತ್ಯಪುಷ್ಪದ ಆಲ್ಕಲಾಯ್ಡ್‌ಗಳ ಮೇಲೆ ಜೀವಮಾನವಿಡೀ ದುಡಿದರು. ಉಪಕರಣವಿಲ್ಲ, ರಾಸಾಯನಿಕ ಬರಲು ತಿಂಗಳುಗಟ್ಟಲೆ ಕಾಯಬೇಕು ಎನ್ನುವ ಕಾಲ ಅದು.

ಈಗ ವಿಷಯದ ತಿರುಳಿಗೆ ಬರೋಣ. ವುಡ್‌ವರ್ಡ್ ಆ ಮೂರನೆಯ ಉಂಗುರವನ್ನು ಮುಚ್ಚಲು ಬಳಸಿದ್ದು ಫಾಸ್ಫರಸ್ ಆಕ್ಸಿಕ್ಲೋರೈಡ್. ಕೆಲಸವಾಗುತ್ತದೆ, ಆದರೆ ಅಣುವಿಗೊಂದರಂತೆ ಅದು ಸುಟ್ಟುಹೋಗಿ ಆಮ್ಲ, ಫಾಸ್ಫೇಟು ಉಳಿಯುತ್ತವೆ. ಇನ್ನೊಂದು ದಾರಿಯನ್ನು 1911ರಲ್ಲೇ ಜಿನೀವಾದ ಅಮೆ ಪಿಕ್ಟೆ ಮತ್ತು ಥಿಯೊಡೋರ್ ಶ್ಪೆಂಗ್ಲರ್ ತೋರಿಸಿದ್ದರು: ಒಂದು ಅಮೀನು, ಒಂದು ಆಲ್ಡಿಹೈಡು, ಸ್ವಲ್ಪ ಆಮ್ಲ, ಉಂಗುರ ಮುಚ್ಚುತ್ತದೆ, ಹೊರಬೀಳುವುದು ಬರೀ ನೀರು. 1928ರಲ್ಲಿ ಜಪಾನಿನ ತತ್ಸುಯಿ ಅದನ್ನು ಟ್ರಿಪ್ಟಮಿನ್‌ಗೆ ಹಚ್ಚಿ ಬೀಟಾ-ಕಾರ್ಬೊಲಿನ್ ಹಂದರ ಪಡೆದರು. ನಿತ್ಯಪುಷ್ಪ ಎಲೆಯೊಳಗೆ ಮಾಡುವುದೂ ಇದೇ ಪಿಕ್ಟೆ-ಶ್ಪೆಂಗ್ಲರ್ ಕ್ರಿಯೆ. ಮನುಷ್ಯ ಕಂಡುಹಿಡಿಯುವ ಮೊದಲೇ ಗಿಡಕ್ಕೆ ಗೊತ್ತಿತ್ತು.

ಗಿಡಕ್ಕೆ ಇನ್ನೊಂದು ಸಂಗತಿಯೂ ಗೊತ್ತಿತ್ತು. ಹೀಗೆ ಹುಟ್ಟುವ ಅಣುವಿಗೆ ಎಡಗೈ ರೂಪ, ಬಲಗೈ ರೂಪ ಎಂದು ಎರಡಿರುತ್ತವೆ. ಫ್ಲಾಸ್ಕಿನಲ್ಲಿ ಬರೀ ಆಮ್ಲ ಹಾಕಿದರೆ ಎರಡೂ ಅರ್ಧರ್ಧ ಬರುತ್ತವೆ. ದೇಹಕ್ಕೆ ಬೇಕಾದದ್ದು ಸಾಮಾನ್ಯವಾಗಿ ಒಂದೇ. ಇನ್ನರ್ಧ ದಂಡ, ಕೆಲವೊಮ್ಮೆ ಅಪಾಯ. ವಾಡಿ ಜಂಕ್ಷನ್ನಿನ ಪಾಯಿಂಟ್ಸ್‌ಮನ್‌ನನ್ನು ನೆನೆಯಿರಿ: ಅದೇ ಗಾಡಿ, ಅದೇ ಎಂಜಿನ್ನು, ಅವನು ಹಳಿ ಒಂದಿಷ್ಟು ಸರಿಸಿದರೆ ಗಾಡಿ ಸೇಡಂ ಮೇಲೆ ಹೈದರಾಬಾದಿಗೆ, ಸರಿಸದಿದ್ದರೆ ರಾಯಚೂರಿನ ಕಡೆಗೆ. ಗಾಡಿ ಹೋದ ಮೇಲೂ ಅವನು ಅಲ್ಲೇ ಇರುತ್ತಾನೆ, ಮುಂದಿನ ಗಾಡಿಗೆ. ಅಸಮಮಿತ ವೇಗವರ್ಧಕ ಮಾಡುವುದು ಇಷ್ಟೇ.

ಫ್ಲಾಸ್ಕಿನೊಳಗೆ ಅಂಥವನನ್ನು ನಿಲ್ಲಿಸಲು ರಸಾಯನಜ್ಞರಿಗೆ ದಶಕಗಳೇ ಹಿಡಿದವು. 1996ರಲ್ಲಿ ಜಪಾನಿನ ನೊಯೊರಿ ಬಳಗ ರುಥೇನಿಯಂ ಲೋಹದ ಸಂಯುಕ್ತದಿಂದ, ಫಾರ್ಮಿಕ್ ಆಮ್ಲವನ್ನೇ ಹೈಡ್ರೊಜನ್ನಿನ ಮೂಲವಾಗಿಟ್ಟು, ಡೈಹೈಡ್ರೊ ಬೀಟಾ-ಕಾರ್ಬೊಲಿನ್‌ನಂಥ ಇಮೈನುಗಳನ್ನು ಒಂದೇ ಕೈ ರೂಪಕ್ಕೆ ತಿರುಗಿಸಿತು. 2004ರಲ್ಲಿ ಹಾರ್ವರ್ಡಿನ ಟೇಲರ್ ಮತ್ತು ಜೇಕಬ್‌ಸೆನ್ ಲೋಹವೇ ಇಲ್ಲದ ಥಯೊಯೂರಿಯಾ ವೇಗವರ್ಧಕದಿಂದ ಪಿಕ್ಟೆ-ಶ್ಪೆಂಗ್ಲರ್ ಕ್ರಿಯೆಯನ್ನು ಪಳಗಿಸಿದರು. 2006ರಲ್ಲಿ ಜರ್ಮನಿಯ ಬೆಂಜಮಿನ್ ಲಿಸ್ಟ್ ತಂಡ ಒಂದೇ ಕೈ ರೂಪದ ಫಾಸ್ಫಾರಿಕ್ ಆಮ್ಲದಿಂದ ಅದನ್ನೇ ಮಾಡಿತು. ನೊಯೊರಿಗೆ 2001ರಲ್ಲಿ, ಲಿಸ್ಟ್‌ಗೆ 2021ರಲ್ಲಿ ನೊಬೆಲ್ ಬಂತು. ನಾನು ನೊಬೆಲ್ ಆಸೆ ಹಚ್ಚುತ್ತಿಲ್ಲ. ಲಿಸ್ಟ್ ದುಡಿದ ಕ್ಷೇತ್ರದ ಆರಂಭದ ಅಚ್ಚರಿಗಳಲ್ಲೊಂದು ಪ್ರೊಲಿನ್: ಕಾಲೇಜಿನ ಕಪಾಟಿನಲ್ಲಿ ಸಿಗಬಹುದಾದ ಒಂದು ಸಾದಾ ಅಮೈನೊ ಆಮ್ಲ. ಕೋಟಿ ರೂಪಾಯಿಯ ಯಂತ್ರದ ಮುಂದೆ ಕೂತವರಿಗಷ್ಟೇ ಹೊಳೆಯುವ ವಿಚಾರ ಇದಲ್ಲ ಎಂದು ಹೇಳಲು ಇದನ್ನು ತಂದೆ.

ಅಣು ಕಟ್ಟಿದರೆ ಅರ್ಧ ಕೆಲಸ. ಅದನ್ನು ತಿದ್ದುವುದು ಇನ್ನರ್ಧ, ನನ್ನ ಮಟ್ಟಿಗೆ ಹೆಚ್ಚು ರುಚಿಯ ಅರ್ಧ. 2015ರಲ್ಲಿ ನ್ಯೂಯಾರ್ಕಿನ ಮೌಂಟ್ ಸಿನಾಯ್‌ನ ಸಂಶೋಧಕರು ಹಾರ್ಮಿನ್ ಮನುಷ್ಯರ ಇನ್ಸುಲಿನ್ ತಯಾರಿಸುವ ಕೋಶಗಳು ಮತ್ತೆ ವಿಭಜಿಸುವಂತೆ ಮಾಡಬಲ್ಲದು ಎಂದು ತೋರಿಸಿದರು. ಸಕ್ಕರೆ ಕಾಯಿಲೆ ಇಲ್ಲದ ಮನೆ ನಮ್ಮ ಓಣಿಯಲ್ಲಿ ಎಷ್ಟಿವೆ ಲೆಕ್ಕ ಹಾಕಿ. ಆದರೆ ಹಾರ್ಮಿನ್ ಅನ್ನು ಹಾಗೇ ಕೊಡುವಂತಿಲ್ಲ, ಅದು ಮೆದುಳಿಗೂ ನುಗ್ಗುತ್ತದೆ. ಬೇಕಾದ ಕಡೆ ಕೆಲಸ ಮಾಡಿ ಬೇಡದ ಕಡೆ ಸುಮ್ಮನಿರುವಂತೆ ಅದರ ಅಂಚುಗಳನ್ನು ಬದಲಿಸಬೇಕು: ಒಂದನೇ ಸ್ಥಾನದಲ್ಲಿ ಒಂದು ಉಂಗುರ, ಮೂರನೇ ಸ್ಥಾನದಲ್ಲಿ ಇನ್ನೊಂದು ಗುಂಪು, ಒಂಬತ್ತನೆಯ ಸಾರಜನಕದ ಮೇಲೆ ಮತ್ತೊಂದು. 2010ರಲ್ಲಿ ಹೆಕ್, ನೆಗಿಶಿ, ಸುಝುಕಿ ಅವರಿಗೆ ನೊಬೆಲ್ ತಂದ ಪಲ್ಲೇಡಿಯಂ ಜೋಡಣೆಗಳು ಇಲ್ಲಿ ದಿನನಿತ್ಯದ ಉಪಕರಣ. ಮೂರನೆಯ ಉಂಗುರದ ಹೈಡ್ರೊಜನ್ ಕಳೆದು ಪೂರ್ತಿ ಬೀಟಾ-ಕಾರ್ಬೊಲಿನ್ ಮಾಡಲು ಮೊದಲು ಗಂಧಕವನ್ನೋ ಪರ್ಮಾಂಗನೇಟನ್ನೋ ಸುರಿಯುತ್ತಿದ್ದರು; ಈಗ ಇದ್ದಿಲಿನ ಮೇಲೆ ಕೂರಿಸಿದ ಚಿಟಿಕೆ ಪಲ್ಲೇಡಿಯಂ ಸಾಕು, ಕೆಲವು ವಿಧಾನಗಳಲ್ಲಿ ತಾಮ್ರದ ಲವಣ ಮತ್ತು ಗಾಳಿಯಲ್ಲಿರುವ ಆಮ್ಲಜನಕ. ಮಾರುಕಟ್ಟೆಯಲ್ಲಿರುವ ತಡಲಾಫಿಲ್ ಮಾತ್ರೆ ಟ್ರಿಪ್ಟೊಫ್ಯಾನ್‌ನಿಂದ ಪಿಕ್ಟೆ-ಶ್ಪೆಂಗ್ಲರ್ ಮೂಲಕವೇ ಹುಟ್ಟುವ ಬೀಟಾ-ಕಾರ್ಬೊಲಿನ್ ಸಂತಾನ. ಶ್ವಾಸಕೋಶದ ರಕ್ತದೊತ್ತಡಕ್ಕೂ ವೈದ್ಯರು ಅದನ್ನು ಬರೆಯುತ್ತಾರೆ.

ಇಲ್ಲೊಂದು ನಮ್ಮೂರಿನ ಮಾತು. ರಿಸರ್ಪಿನ್ ಹೊರಬಂದ ಅದೇ 1952ರಲ್ಲಿ, ಅದೇ ಬಾಸೆಲ್ ಊರಿನ ಇನ್ನೊಂದು ಕಂಪನಿಯಲ್ಲಿ ಹರ್ಬರ್ಟ್ ಲಿಂಡ್ಲಾರ್ ಒಂದು ವೇಗವರ್ಧಕ ಪ್ರಕಟಿಸಿದರು. ಪಲ್ಲೇಡಿಯಂ ಬಹಳ ಚುರುಕು, ಬೇಡದ್ದನ್ನೂ ಮಾಡಿಬಿಡುತ್ತದೆ. ಅದರ ಚುರುಕನ್ನು ಸ್ವಲ್ಪ ಸೀಸ ಹಾಕಿ ತಗ್ಗಿಸಿ, ಒಂದು ಬಿಳಿ ಪುಡಿಯ ಮೇಲೆ ಕೂರಿಸಿದರು. ವಿಟಮಿನ್ ಎ ತಯಾರಿಕೆಗೆ ಅದು ವರವಾಯಿತು. ಆ ಬಿಳಿ ಪುಡಿ ಯಾವುದು ಗೊತ್ತೇ? ಕ್ಯಾಲ್ಸಿಯಂ ಕಾರ್ಬೊನೇಟ್. ಸೇಡಂ, ಶಹಾಬಾದಿನ ನೆಲದಡಿ ಮೈಲಿಗಟ್ಟಲೆ ಹಾಸಿಕೊಂಡಿರುವ ಕಲ್ಲಿನ ಸತ್ವ. ಗಣಿಯ ಕಲ್ಲನ್ನು ಹಾಗೇ ಬಳಸಲಾಗದು, ಶುದ್ಧ ಮಾಡಿ ಪುಡಿಯಾಗಿ ಇಳಿಸಬೇಕು, ಅದು ಬೇರೆ ಮಾತು. ಆದರೂ ಹೇಳಿ, ನಾವು ಈ ಕಲ್ಲನ್ನು ಸುಡುವುದಕ್ಕೆ, ಹಾಸುವುದಕ್ಕೆ ಬಿಟ್ಟು ಇನ್ಯಾವುದಕ್ಕಾದರೂ ಯೋಗ್ಯ ಎಂದು ಯೋಚಿಸಿದ್ದೇವೆಯೇ?

ವೇಗವರ್ಧಕದ ವಿದ್ಯೆ ನಮಗೆ ಬೇಕು ಅನ್ನುವುದಕ್ಕೆ ಇನ್ನೂ ಕಟುವಾದ ಕಾರಣ ಒಂದಿದೆ. 1874ರಿಂದ ವಾಡಿ-ಸಿಕಂದರಾಬಾದ್ ಹಳಿಯ ಮೇಲೆ ಗಾಡಿ ಓಡುತ್ತಿದೆ. ಆ ಗಾಡಿ ಹತ್ತಿ ನಮ್ಮ ಎಷ್ಟೋ ಹುಡುಗರು ಹೈದರಾಬಾದಿನ ಔಷಧ ಕಾರ್ಖಾನೆಗಳಿಗೆ ದುಡಿಯಲು ಹೋಗಿದ್ದಾರೆ: ಜೀಡಿಮೆಟ್ಲ, ಬೊಲ್ಲಾರಂ, ಪಟಾನ್‌ಚೆರು. 2007ರಲ್ಲಿ ಸ್ವೀಡನ್ನಿನ ಸಂಶೋಧಕರು ಪಟಾನ್‌ಚೆರು ಬಳಿಯ ತ್ಯಾಜ್ಯ ಸಂಸ್ಕರಣಾ ಘಟಕದಿಂದ ಹೊರಬರುವ ನೀರನ್ನು ಪರೀಕ್ಷಿಸಿದಾಗ ಸಿಪ್ರೊಫ್ಲಾಕ್ಸಸಿನ್ ಎಂಬ ಆ್ಯಂಟಿಬಯಾಟಿಕ್ ಲೀಟರಿಗೆ 31 ಮಿಲಿಗ್ರಾಂ ವರೆಗೆ ಸಿಕ್ಕಿತು. 1992ರಲ್ಲಿ ರೋಜರ್ ಶೆಲ್ಡನ್ ಎಂಬ ರಸಾಯನಜ್ಞ ಒಂದು ಸರಳ ಲೆಕ್ಕ ಕೊಟ್ಟಿದ್ದ: ಒಂದು ಕಿಲೋ ಸರಕು ಮಾಡಲು ಎಷ್ಟು ಕಿಲೋ ಕಸ? ಪೆಟ್ರೋಲಿಯಂ ಶುದ್ಧೀಕರಣದಲ್ಲಿ ಸುಮಾರು ನೂರು ಗ್ರಾಂ. ಔಷಧ ಉದ್ಯಮದಲ್ಲಿ 25ರಿಂದ 100 ಕಿಲೋ, ಕೆಲವೊಮ್ಮೆ ಇನ್ನೂ ಹೆಚ್ಚು. ಆ ಕಸ ಯಾರದೋ ಬಾವಿಗೆ, ಯಾರದೋ ಹೊಲಕ್ಕೆ ಹೋಗುತ್ತದೆ. ಕಾರ್ಖಾನೆ ಬೇಡ ಎಂದು ಬಾವುಟ ಹಿಡಿಯುವವರು ಇರಲಿ, ಅವರೂ ಬೇಕು. ಆದರೆ ಆ 100 ಕಿಲೋವನ್ನು 5 ಕಿಲೋಗೆ ಇಳಿಸುವ ಹುಡುಗಿ ಯಾರು? ಚಿಮಣಿಯ ಧೂಳು ಕುಡಿದು ಬೆಳೆದವರಿಗಿಂತ ಆ ಕೆಲಸದ ಬೆಲೆ ಬಲ್ಲವರು ಸಿಗುವುದು ಕಷ್ಟ.

"ಇದೆಲ್ಲ ದೊಡ್ಡ ಊರಿನವರ ಮಾತು ಬಿಡ್ರಿ" ಅನ್ನುವ ಸ್ವರ ನನಗೆ ಕೇಳಿಸುತ್ತಿದೆ. ಆದಿತ್ಯನಗರಕ್ಕೆ ಹತ್ತಿರದಲ್ಲಿರುವ ಮಳಖೇಡಕ್ಕೆ ಬನ್ನಿ. ಕಾಗಿಣಾ ದಂಡೆಯ ಈ ಮಾನ್ಯಖೇಟ ರಾಷ್ಟ್ರಕೂಟರ ರಾಜಧಾನಿ, ಕವಿರಾಜಮಾರ್ಗದ ಊರು ಎಂದು ಎಲ್ಲರೂ ಹೇಳುತ್ತಾರೆ. ಹೇಳದಿರುವುದು ಇನ್ನೊಂದಿದೆ. ಅಮೋಘವರ್ಷ ನೃಪತುಂಗನ ಆಶ್ರಯದಲ್ಲಿ, ಕ್ರಿ.ಶ. 850ರ ಸುಮಾರಿಗೆ, ಮಹಾವೀರಾಚಾರ್ಯ ಗಣಿತಸಾರಸಂಗ್ರಹ ಬರೆದ. ಹಲವು ವಸ್ತುಗಳಿಂದ ಕೆಲವನ್ನು ಆರಿಸಿ ಎಷ್ಟು ಬಗೆಯಲ್ಲಿ ಜೋಡಿಸಬಹುದು ಎಂಬುದಕ್ಕೆ ಸಾಮಾನ್ಯ ಸೂತ್ರ ಕೊಟ್ಟ. ಅವನ ಉದಾಹರಣೆಗಳಲ್ಲಿ ಷಡ್ರಸಗಳ ಜೋಡಣೆಯೂ ಇದೆ: ಆರು ರುಚಿಗಳಿಂದ 63 ಬಗೆ. ಇವತ್ತು ಔಷಧ ಕಂಪನಿಯಲ್ಲಿ ಹತ್ತು ಟ್ರಿಪ್ಟಮಿನ್, ಹತ್ತು ಆಲ್ಡಿಹೈಡ್, ಒಂಬತ್ತನೇ ಸ್ಥಾನಕ್ಕೆ ಹತ್ತು ಗುಂಪು ಎಂದು ಸಾಲಾಗಿಟ್ಟು 1000 ಬೀಟಾ-ಕಾರ್ಬೊಲಿನ್‌ಗಳ ಪಟ್ಟಿ ಮಾಡುವವರು ಅದೇ ಬಗೆಯ ಎಣಿಕೆಯಲ್ಲಿದ್ದಾರೆ. ಅದೇ ನೃಪತುಂಗನ ಆಸ್ಥಾನದ ಜೊತೆ ಹೆಸರು ತಳಕುಹಾಕಿಕೊಂಡ ಇನ್ನೊಬ್ಬ ಉಗ್ರಾದಿತ್ಯ. ಮಾಂಸ, ಮದ್ಯ, ಜೇನು ಬಿಟ್ಟು ಔಷಧಿ ಹೇಳುವ ಕಲ್ಯಾಣಕಾರಕ ಎಂಬ ವೈದ್ಯಗ್ರಂಥದ ಕರ್ತೃ. ಒಂದು ಕಾಲಕ್ಕೆ ಗಣಿತವೂ ಔಷಧವೂ ಕಾವ್ಯವೂ ಈ ಮಣ್ಣಿನಲ್ಲಿ ಒಂದೇ ಆಸ್ಥಾನದ ನೆರಳಲ್ಲಿ ಬೆಳೆದವು. ಮಳಖೇಡದ ಕೋಟೆಯ ಗೋಡೆಗೆ ಒರಗಿ ಸೆಲ್ಫಿ ತೆಗೆದುಕೊಳ್ಳುವಾಗ ಇಷ್ಟು ನೆನಪಿರಲಿ.

ಹಳೆಯ ವೈಭವ ಹೊಟ್ಟೆ ತುಂಬಿಸದು ಅನ್ನುತ್ತೀರಾ? ಹಾಗಾದರೆ ಈಗಿನದು ಕೇಳಿ. 1980ರಲ್ಲಿ ಹುಟ್ಟಿದ ಗುಲಬರ್ಗಾ ವಿಶ್ವವಿದ್ಯಾಲಯದ ರಸಾಯನಶಾಸ್ತ್ರ ವಿಭಾಗದಲ್ಲಿ ಇಂಡೋಲ್‌ಗಳ ಮೇಲೆ ದಶಕಗಳ ಕೆಲಸ ನಡೆದಿದೆ. ಎಸ್.ಪಿ. ಹಿರೇಮಠ, ಜೆ.ಎಸ್. ಬಿರಾದಾರ ಅವರಂಥ ಪ್ರಾಧ್ಯಾಪಕರು, ಅವರ ವಿದ್ಯಾರ್ಥಿಗಳು, ಇಂಡೋಲಿಗೆ ಹೊಸ ಉಂಗುರಗಳನ್ನು ಕೂಡಿಸಿ ಅವುಗಳ ಔಷಧಿ ಗುಣ ಪರೀಕ್ಷಿಸುತ್ತ ಬಂದರು. 2010ರಲ್ಲಿ ಬಿರಾದಾರ ಅವರ ತಂಡದ ಇಂಡೋಲ್ ಅಧ್ಯಯನವೊಂದು ಯುರೋಪಿಯನ್ ಜರ್ನಲ್ ಆಫ್ ಮೆಡಿಸಿನಲ್ ಕೆಮಿಸ್ಟ್ರಿಯಲ್ಲಿ ಅಚ್ಚಾಗಿದೆ. ಬೀಟಾ-ಕಾರ್ಬೊಲಿನ್ ಎಂದರೆ ಇಂಡೋಲಿಗೆ ಇನ್ನೊಂದು ಉಂಗುರ ಎಂದು ಆಗಲೇ ಹೇಳಿದೆನಲ್ಲ. ಬಸ್ಸಿನಲ್ಲಿ ಬೆಳಿಗ್ಗೆ ಹೋಗಿ ಸಂಜೆ ಬರುವಷ್ಟು ದೂರದಲ್ಲಿ, ನಮ್ಮ ಜಿಲ್ಲೆಯಲ್ಲೇ, ಆ ವಿದ್ಯೆಯ ಬುಡ ಇದೆ. ಆಳಂದ ತಾಲ್ಲೂಕಿನ ಕಡಗಂಚಿಯಲ್ಲಿ 2009ರಿಂದ ಕೇಂದ್ರೀಯ ವಿಶ್ವವಿದ್ಯಾಲಯವಿದೆ. ಅದೇ ವಾಡಿ ಗಾಡಿ ಹಿಡಿದು ಸಿಕಂದರಾಬಾದಿನಲ್ಲಿ ಇಳಿದರೆ, ಅಲ್ಲಿಗೆ ಸಮೀಪದ ತಾರ್ನಾಕದಲ್ಲಿ, 1944ರಲ್ಲಿ ಶುರುವಾದ ಭಾರತೀಯ ರಾಸಾಯನಿಕ ತಂತ್ರಜ್ಞಾನ ಸಂಸ್ಥೆ. ಆಲ್ಕಲಾಯ್ಡ್, ವೇಗವರ್ಧಕ ಎರಡಕ್ಕೂ ಹೆಸರಾದ ಜಾಗ.

ಇನ್ನು ತೊಗರಿಯ ಮಾತು. ಭೌಗೋಳಿಕ ಗುರುತಿನ ಮುದ್ರೆ ಪಡೆದ ನಮ್ಮ ತೊಗರಿಗೆ ನೆಟೆ ರೋಗ ಬಂದರೆ ಏನಾಗುತ್ತದೆ ಎಂದು ಹೊಲದ ಮನೆಯ ಮಕ್ಕಳಿಗೆ ನಾನು ಹೇಳಬೇಕಿಲ್ಲ. 2022ರ ಹಂಗಾಮು ನೋಡಿದ್ದೀರಿ. ಹೂ ಕಾಯಿ ಹೊತ್ತ ಗಿಡ ನಿಂತಲ್ಲೇ ಒಣಗುತ್ತದೆ. ಮಣ್ಣಿನಲ್ಲಿರುವ ಫ್ಯುಸೇರಿಯಂ ಉಡಮ್ ಎಂಬ ಶಿಲೀಂಧ್ರ ಬೇರಿನಿಂದ ಹೊಕ್ಕು ನೀರಿನ ನಾಳ ಕಟ್ಟಿಬಿಡುತ್ತದೆ. ಚೀನಾದ ನಾನ್‌ಕಾಯ್ ವಿಶ್ವವಿದ್ಯಾಲಯದವರು 2014ರಲ್ಲಿ ಬೀಟಾ-ಕಾರ್ಬೊಲಿನ್, ಅದರ ಡೈಹೈಡ್ರೊ, ಟೆಟ್ರಾಹೈಡ್ರೊ ರೂಪಗಳನ್ನು ಸಾಲಾಗಿ ತಯಾರಿಸಿ ತಂಬಾಕಿನ ವೈರಸ್ಸಿನ ಮೇಲೆ, ಹಲವು ಬೆಳೆ ಶಿಲೀಂಧ್ರಗಳ ಮೇಲೆ ಪರೀಕ್ಷಿಸಿ ಪ್ರಕಟಿಸಿದರು. ಕೆಲವು ಚೆನ್ನಾಗಿ ಕೆಲಸ ಮಾಡಿದವು. ಅವರು ಕೇಳಿದ್ದು ತಂಬಾಕಿನ ಪ್ರಶ್ನೆ. ನಮ್ಮ ಹೊಲದ ಪ್ರಶ್ನೆಯನ್ನು ಚೀನಾದವರಾಗಲಿ ಬಾಸೆಲ್‌ನವರಾಗಲಿ ಕೇಳಲಿ ಎಂದು ಕಾಯುವುದೇಕೆ? ಚಿತ್ತಾಪುರದ ಎರೆಮಣ್ಣಿನಿಂದ ಶಿಲೀಂಧ್ರ ಬೆಳೆಸಿ, ಹತ್ತು ಬೀಟಾ-ಕಾರ್ಬೊಲಿನ್ ತಯಾರಿಸಿ, ತಟ್ಟೆಯಲ್ಲಿ ಯಾವುದು ಅದನ್ನು ತಡೆಯುತ್ತದೆ ನೋಡುವುದು ಎಂಎಸ್ಸಿ ಪ್ರಾಜೆಕ್ಟಿನ ಅಳತೆಗೆ ಸಿಗುವ ಕೆಲಸ. ತಟ್ಟೆಯಿಂದ ಹೊಲಕ್ಕೆ ದಾರಿ ಉದ್ದ, ಮಣ್ಣಿಗೆ, ಎರೆಹುಳಕ್ಕೆ, ಉಣ್ಣುವವರಿಗೆ ಏನಾಗುತ್ತದೆ ಎಂದೆಲ್ಲ ನೋಡಬೇಕು. ಉದ್ದ ಎಂದು ಹೆದರುವವರು ಈ ವಿದ್ಯೆಗೆ ಬರುವುದೇ ಬೇಡ.

ಶುರು ಎಲ್ಲಿಂದ? ಕಾಲೇಜಿನ ಲ್ಯಾಬಿನಿಂದಲೇ. ಇಸ್ಬಂದ್ ಬೀಜ ಕುಟ್ಟಿ, ಸ್ವಲ್ಪ ವಿನೆಗರಿನಲ್ಲಿ ನೆನೆಸಿ ಸೋಸಿ, ಆ ನೇರಳೆ ಟಾರ್ಚು ಹಿಡಿಯಿರಿ, ನೀಲಿ ಹೊಳೆಯುತ್ತದೆ. ಸಿಲಿಕಾ ಹಾಳೆಯ ಮೇಲೆ ಹನಿ ಇಟ್ಟು ದ್ರಾವಕ ಏರಿಸಿದರೆ ಒಂದೇ ಹನಿ ಹಲವು ಚುಕ್ಕೆಗಳಾಗಿ ಬೇರೆಯಾಗುತ್ತದೆ. ಅದು ನಿಮ್ಮ ಮೊದಲ ಆಲ್ಕಲಾಯ್ಡ್ ಕೆಲಸ. ಮುಂದಿನದು ಮೇಷ್ಟ್ರು ಪಕ್ಕದಲ್ಲಿರುವಾಗ, ಹೊಗೆ ಹೊರಹಾಕುವ ಕಪಾಟಿನೊಳಗೆ ಮಾತ್ರ: ಟ್ರಿಪ್ಟೊಫ್ಯಾನ್, ಫಾರ್ಮಲಿನ್, ಸ್ವಲ್ಪ ದುರ್ಬಲಗೊಳಿಸಿದ ಆಮ್ಲ. ನೀರಿನಲ್ಲೇ ನಡೆಯುವ ಕ್ರಿಯೆ. ಬಿಳಿ ಘನ ತಳಕ್ಕೆ ಕೂರುತ್ತದೆ. ಅದು ಟೆಟ್ರಾಹೈಡ್ರೊ ಬೀಟಾ-ಕಾರ್ಬೊಲಿನ್ ಆಮ್ಲ. ಅದರ ಕರಗುವ ಬಿಂದು ತೆಗೆಯಿರಿ, ಇಳುವರಿ ಬರೆಯಿರಿ, ಆಮ್ಲ ಅರ್ಧ ಮಾಡಿದರೆ ಏನಾಗುತ್ತದೆ ನೋಡಿ, ಸಂಜೆ ಮಾಡಿದ್ದನ್ನು ಬೆಳಿಗ್ಗೆ ಮತ್ತೆ ಮಾಡಿ. ಸರಿಬಾರದಿದ್ದರೆ ಯಾಕೆಂದು ಜಗಳಾಡಿ. ರೆಕಾರ್ಡ್ ಪುಸ್ತಕದಲ್ಲಿ ಹಿಂದಿನ ಬ್ಯಾಚಿನವರ ಉತ್ತರ ನಕಲು ಮಾಡುವ ಚಟ ಮಾತ್ರ ಇವತ್ತೇ ಬಿಡಿ. ನಮ್ಮ ಕಡೆಯ ರಸಾಯನ ಶಿಕ್ಷಣವನ್ನು ಅದು ಹಾಳುಮಾಡಿದಷ್ಟು ಬಡತನವೂ ಮಾಡಿಲ್ಲ.

ಇಂಗ್ಲಿಷ್ ಬರುವುದಿಲ್ಲ ಎಂಬ ಅಂಜಿಕೆಗೆ ಒಂದು ಮಾತು. ಸಾವಯವ ರಸಾಯನದ ಅರ್ಧ ಪಾಲು ಗೆರೆ ಮತ್ತು ಬಾಣ. ಷಟ್ಕೋನ ಬರೆದು ಎಲೆಕ್ಟ್ರಾನ್ ಎಲ್ಲಿಂದ ಎಲ್ಲಿಗೆ ಹೋಯಿತು ಎಂದು ಬಾಣ ಹಾಕಲು ಬಂದರೆ ಟೋಕಿಯೊದಲ್ಲೂ ಅರ್ಥವಾಗುತ್ತದೆ. ಮಿಕ್ಕ ಇಂಗ್ಲಿಷು ಓದಿದ ಹಾಗೆ ಬರುತ್ತದೆ. ಇನ್ನು ಸೀಟಿನ ವಿಷಯ: 2012ರಲ್ಲಿ ಸಂಸತ್ತು ಒಪ್ಪಿದ, ನಮ್ಮ ಭಾಗಕ್ಕೆ ಮೀಸಲು ಕೊಡುವ ಸಂವಿಧಾನದ 371(ಜೆ) ವಿಧಿ ರಾಜ್ಯದ ಕಾಲೇಜುಗಳಲ್ಲಿ ನಿಮಗೆ ಬಾಗಿಲು ತೆರೆಸುತ್ತದೆ, ಅದನ್ನು ಹಕ್ಕಿನಿಂದ ಬಳಸಿಕೊಳ್ಳಿ. ಆದರೆ ಅದರಾಚೆ ಐಐಟಿಗಳ ಎಂಎಸ್ಸಿಗೆ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಇಂಟಿಗ್ರೇಟೆಡ್ ಪಿಎಚ್‌ಡಿಗೆ ಜಾಮ್ ಎಂಬ ಒಂದೇ ಪರೀಕ್ಷೆ ಇದೆ. ನಮ್ಮ ತಾಲ್ಲೂಕುಗಳ ಪದವಿ ಕಾಲೇಜುಗಳಲ್ಲಿ ಅದರ ಹೆಸರು ಕೇಳಿದವರೇ ವಿರಳ, ಬರೆಯುವವರು ಇನ್ನೂ ವಿರಳ. ವಿಜ್ಞಾನ ಅಕಾಡೆಮಿಗಳು ಬೇಸಿಗೆಯಲ್ಲಿ ಎರಡು ತಿಂಗಳು ದೊಡ್ಡ ಲ್ಯಾಬುಗಳಲ್ಲಿ ಕೆಲಸ ಮಾಡಲು ವಿದ್ಯಾರ್ಥಿಗಳಿಗೆ ಫೆಲೋಶಿಪ್ ಕೊಡುತ್ತವೆ. ಅದಕ್ಕೂ ನಮ್ಮ ಕಡೆಯಿಂದ ಅರ್ಜಿ ಹೋಗಬೇಕು. ಜಾಮ್ ಅರ್ಜಿ ಸಾಮಾನ್ಯವಾಗಿ ಸೆಪ್ಟೆಂಬರಿನಲ್ಲಿ ತೆರೆಯುತ್ತದೆ, ಪರೀಕ್ಷೆ ಫೆಬ್ರುವರಿಯಲ್ಲಿ. ಎರಡನೇ ವರ್ಷದಲ್ಲಿರುವವರು ಈಗಲೇ ಕ್ಲಾಸಿನ ಇನ್ನಿಬ್ಬರನ್ನು ಹಿಡಿದು, ಹಳೆಯ ಪ್ರಶ್ನೆಪತ್ರಿಕೆ ಪ್ರಿಂಟ್ ಹಾಕಿಸಿ, ರವಿವಾರಕ್ಕೊಂದರಂತೆ ಬಿಡಿಸಲು ಕೂರಿ. ನೆಂಟರು ಫ್ಯಾಕ್ಟರಿಯ ಪ್ರಶ್ನೆ ಕೇಳಿದರೆ, ಹೋಗುತ್ತೇವೆ, ಆದರೆ ಸ್ಯಾಂಪಲ್ ಅಳೆಯಲು ಅಲ್ಲ ಎಂದು ಹೇಳಿ ಮುಂದಿನ ಪ್ರಶ್ನೆಗೆ ಹೋಗಿ.